ಎಂಜಿನ್ ನೆಲದ ಮೇಲಿಟ್ಟು ಓಡಿಸುವುದು ನಿಲ್ಲಬೇಕು

"ಏರ್‌ಕೂಲ್ಡ್ ಎಂಜಿನ್ ಅಲ್ವಾ, ರೇಡಿಯೇಟರ್ ಇಲ್ಲ, ನೀರು ಬೇಡ. ಕೆಳಗಿಟ್ಟು ಒಂದೆರಡು ನಿಮಿಷ ಓಡಿಸಿದ್ರೆ ಏನೂ ಆಗಲ್ಲ." ಹಳೆಯ ಫೋಕ್ಸ್‌ವ್ಯಾಗನ್ ಬೀಟಲ್ ಕಾರುಗಳ ಲೋಕದಲ್ಲಿ ಈ ಮಾತನ್ನು ಪ್ರಶ್ನಿಸುವವರು ವಿರಳ. ಅಮೆರಿಕದ ಮನೆ ಗ್ಯಾರೇಜಿನಲ್ಲೂ ಇದೇ ಮಾತು, ನಮ್ಮೂರಿನ ಓಣಿಯ ಶೆಡ್ಡಿನಲ್ಲೂ ಇದೇ ಮಾತು. ಕಾರಿನಿಂದ ಇಳಿಸಿದ ಎಂಜಿನ್ನನ್ನು ಎರಡು ಹಳೆಯ ಟೈರಿನ ಮೇಲೆ ಕೂರಿಸಿ, ಬ್ಯಾಟರಿ ತಾಗಿಸಿ, ಮೇಲಿನಿಂದ ಪೆಟ್ರೋಲ್ ಬಿಟ್ಟು ಸ್ಟಾರ್ಟ್ ಮಾಡುವುದು ಅನುಭವಸ್ಥರ ಲಕ್ಷಣ ಎಂಬ ನಂಬಿಕೆ ಬೇರೂರಿದೆ. ಈ ನಂಬಿಕೆ ಎಂಜಿನ್ನನ್ನು ಕೆಡಿಸುತ್ತದೆ, ಬೆರಳು ಕಳೆಯುತ್ತದೆ, ಜೀವವನ್ನೂ ತೆಗೆಯಬಲ್ಲದು. ಇಷ್ಟೆಲ್ಲ ಅಪಾಯ ಮೈಮೇಲೆ ಎಳೆದುಕೊಂಡ ಮೇಲೂ ಎಂಜಿನ್ನಿನ ಆರೋಗ್ಯದ ಬಗ್ಗೆ ಅದರಿಂದ ತಿಳಿಯುವುದು ತೀರ ಕಡಿಮೆ.

ಈ ಅಭ್ಯಾಸ ಬೆಳೆಯಲು ಬೀಟಲ್ಲಿನ ರಚನೆಯೇ ದಾರಿ ಮಾಡಿಕೊಟ್ಟಿತು. ಅದರ ಎಂಜಿನ್ ಹಿಂಬದಿಯಲ್ಲಿದೆ. ಗೇರ್‌ಬಾಕ್ಸಿಗೆ ಅದನ್ನು ಹಿಡಿದಿಟ್ಟಿರುವುದು ನಾಲ್ಕೇ ಬೋಲ್ಟು. ವೈರು, ಪೆಟ್ರೋಲ್ ಪೈಪು, ಕೇಬಲ್ ಬಿಚ್ಚಿ, ಜ್ಯಾಕ್ ಕೊಟ್ಟು ಹಿಂದಕ್ಕೆ ಎಳೆದರೆ ಸುಮಾರು ನೂರು ಕಿಲೋ ತೂಕದ ಇಡೀ ಎಂಜಿನ್ ಕೆಳಗಿಳಿಯುತ್ತದೆ. 1969ರಲ್ಲಿ ಜಾನ್ ಮ್ಯೂರ್ ಬರೆದ ಬೀಟಲ್ ರಿಪೇರಿಯ ಕೈಪಿಡಿ, ಸ್ಪ್ಯಾನರ್ ಹಿಡಿದೇ ಗೊತ್ತಿಲ್ಲದವರಲ್ಲೂ ಎಂಜಿನ್ ಇಳಿಸುವ ಧೈರ್ಯ ತುಂಬಿತು. ಆ ಧೈರ್ಯ ಒಳ್ಳೆಯದೇ. ಮೆಕ್ಸಿಕೊದ ಪ್ಯೂಬ್ಲಾ ಕಾರ್ಖಾನೆಯಿಂದ 2003ರ ಜುಲೈ 30ರಂದು ಕೊನೆಯ ಬೀಟಲ್ ಹೊರಬರುವ ಹೊತ್ತಿಗೆ ಒಟ್ಟು 2 ಕೋಟಿ 15 ಲಕ್ಷಕ್ಕೂ ಹೆಚ್ಚು ಕಾರುಗಳು ತಯಾರಾಗಿದ್ದವು. ಅವುಗಳಲ್ಲಿ ಎಷ್ಟೋ ಇನ್ನೂ ಓಡುತ್ತಿರುವುದಕ್ಕೆ ಇಂಥ ಮನೆ ಮೆಕ್ಯಾನಿಕ್‌ಗಳೇ ಕಾರಣ. ಆದರೆ ಇಳಿಸುವುದು ಸುಲಭ ಎಂಬುದರಿಂದ ಇಳಿಸಿದಲ್ಲೇ ಓಡಿಸಬಹುದು ಎಂಬ ತೀರ್ಮಾನಕ್ಕೆ ಬಂದದ್ದು ಹೇಗೆ? ಅದಕ್ಕೆ ಆಧಾರ ಯಾವುದು?

ಆಧಾರ ಇರುವುದು "ಏರ್‌ಕೂಲ್ಡ್" ಎಂಬುದನ್ನು ಅರ್ಥ ಮಾಡಿಕೊಳ್ಳುವಲ್ಲಿ ಆದ ಎಡವಟ್ಟಿನಲ್ಲಿ. ಕರ್ನಾಟಕದವರಿಗೆ ಗಾಳಿಯಿಂದ ತಣಿಯುವ ಎಂಜಿನ್ ಎಂದರೆ ಕಣ್ಣಿಗೆ ಬರುವುದು ಬುಲೆಟ್ಟು, ಇಲ್ಲವೇ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ ಜಾವಾ, ಯೆಜ್ಡಿ. ಅವುಗಳ ಸಿಲಿಂಡರು ಬಯಲಲ್ಲಿದೆ. ಗಾಡಿ ಓಡಿದಾಗ ಎದುರುಗಾಳಿ ಬಂದು ಫಿನ್ನುಗಳಿಗೆ ಬಡಿಯುತ್ತದೆ, ಅಷ್ಟರಲ್ಲೇ ಶಾಖ ಹೋಗುತ್ತದೆ. ಬೀಟಲ್ಲಿನ ಕಥೆಯೇ ಬೇರೆ. ಅದರ ನಾಲ್ಕು ಸಿಲಿಂಡರುಗಳು ಕಾರಿನ ಹಿಂಭಾಗದ ಗೂಡಿನೊಳಗೆ, ಎದುರುಗಾಳಿ ತಾಗದ ಜಾಗದಲ್ಲಿ ಮಲಗಿವೆ. ಅಲ್ಲಿಗೆ ಗಾಳಿ ತಾನಾಗಿ ಬರುವುದಿಲ್ಲ. ಡೈನಮೊದ ಶಾಫ್ಟಿಗೇ ಕೂರಿಸಿದ ಫ್ಯಾನು, ಬೆಲ್ಟಿನ ಮೂಲಕ, ಕ್ರ್ಯಾಂಕಿಗಿಂತ ಹೆಚ್ಚುಕಡಿಮೆ ಎರಡರಷ್ಟು ವೇಗದಲ್ಲಿ ತಿರುಗಿ ಮೇಲಿನಿಂದ ಗಾಳಿ ಎಳೆಯುತ್ತದೆ. ದೊಡ್ಡ ತಗಡಿನ ಕವಚ ಆ ಗಾಳಿಯನ್ನು ಎಡಬಲಕ್ಕೆ ಹಂಚುತ್ತದೆ. ಸಿಲಿಂಡರುಗಳನ್ನು ಮುಚ್ಚಿದ ತಗಡುಗಳು ಅದನ್ನು ಫಿನ್ನುಗಳ ಸಂದಿಯಲ್ಲಿ ಹಾಯಿಸುತ್ತವೆ. ಕೆಳಗೆ, ಪುಶ್‌ರಾಡ್ ಕೊಳವೆಗಳ ಬಳಿ ಕೂರುವ ಸಣ್ಣ ತಗಡೊಂದು ಗಾಳಿಯನ್ನು ಸಿಲಿಂಡರಿನ ಅಡಿಯವರೆಗೂ ಸುತ್ತಿಸುತ್ತದೆ. ಈ ತಗಡುಗಳಲ್ಲಿ ಒಂದೂ ಅಲಂಕಾರಕ್ಕಿಲ್ಲ. ಇವೆಲ್ಲ ಸೇರಿಯೇ ಆ ಎಂಜಿನ್ನಿನ ರೇಡಿಯೇಟರು.

ಬಜಾಜ್ ಚೇತಕ್ ಬಿಚ್ಚಿ ಜೋಡಿಸಿದ ಯಾವ ಹಳೆಯ ಮೆಕ್ಯಾನಿಕ್‌ನನ್ನಾದರೂ ಕೇಳಿ. ಸ್ಕೂಟರಿನ ಸಿಲಿಂಡರಿನ ಮೇಲಿನ ಕೌಲಿಂಗ್ ತೆಗೆದಿಟ್ಟು ಓಡಿಸಿದರೆ ಪಿಸ್ಟನ್ ಜಾಮ್ ಆಗುತ್ತದೆ ಎಂದು ಆತ ಥಟ್ಟನೆ ಹೇಳುತ್ತಾನೆ. ಫ್ಯಾನಿನ ಗಾಳಿ ಕೌಲಿಂಗ್ ಇದ್ದರೆ ಮಾತ್ರ ಫಿನ್ನಿಗೆ ತಲುಪುತ್ತದೆ ಎಂಬುದು ಒಂದೇ ಸಿಲಿಂಡರಿನ ಸ್ಕೂಟರಿನ ವಿಷಯದಲ್ಲಿ ಎಲ್ಲರಿಗೂ ಗೊತ್ತು. ನಾಲ್ಕು ಸಿಲಿಂಡರಿನ ದುಬಾರಿ ಎಂಜಿನ್ ಎದುರಿಗೆ ಬಂದಾಗ ಆ ತಿಳಿವಳಿಕೆ ಎಲ್ಲಿ ಹೋಗುತ್ತದೆ?

"ನಾವು ಕವಚ, ಫ್ಯಾನು ಎಲ್ಲ ಹಾಕಿಯೇ ಓಡಿಸುತ್ತೇವೆ" ಎನ್ನುವವರಿದ್ದಾರೆ. ಅವರೂ ಗಮನಿಸದ ಸಂಗತಿ ಒಂದಿದೆ. ಸಿಲಿಂಡರು ದಾಟಿದ ಬಿಸಿಗಾಳಿ ಹೊರಬೀಳುವುದು ಎಂಜಿನ್ನಿನ ಅಡಿಯಿಂದ. ಕಾರಿನಲ್ಲಿ ಅಡಿ ಎಂದರೆ ಬಯಲು. ಮೇಲಿನ ಗೂಡಿಗೂ ಕೆಳಗಿನ ಬಯಲಿಗೂ ನಡುವೆ ತಗಡು, ಅದರ ಅಂಚಿಗೆ ರಬ್ಬರ್ ಪಟ್ಟಿ. ಕೆಳಗಿನ ಬಿಸಿಗಾಳಿ ಮತ್ತೆ ಮೇಲೆ ಬಂದು ಫ್ಯಾನಿಗೆ ಸಿಗದಂತೆ ಅವು ತಡೆಯುತ್ತವೆ. ಎಂಜಿನ್ನನ್ನು ನೆಲಕ್ಕೆ ಇಳಿಸಿದಿರೋ, ಬಿಸಿಗಾಳಿಯ ದಾರಿಗೆ ನೆಲವೇ ಅಡ್ಡ. ಅದು ಪಕ್ಕಕ್ಕೆ ಹರಡಿ, ಮೇಲೆದ್ದು, ಫ್ಯಾನಿನ ಬಾಯಿಗೇ ಮರಳುತ್ತದೆ. ಬಿಸಿಯನ್ನೇ ಮತ್ತೆ ಮತ್ತೆ ಒಳಗೆ ಊದಿ ತಣಿಸುವ ಪ್ರಯತ್ನ ಇದು.

ನೀರಿನ ಎಂಜಿನ್ ಕಾದರೆ ಆವಿ ಏಳುತ್ತದೆ, ಸೂಜಿ ಕೆಂಪಿಗೆ ಹೋಗುತ್ತದೆ, ನೋಡಿದವರು ನಿಲ್ಲಿಸುತ್ತಾರೆ. ಗಾಳಿಯ ಎಂಜಿನ್ ಸದ್ದಿಲ್ಲದೆ ಕಾಯುತ್ತದೆ. ಬೀಟಲ್ಲಿಗೆ ಕಾರ್ಖಾನೆಯಿಂದ ಉಷ್ಣತೆಯ ಮೀಟರೇ ಬರಲಿಲ್ಲ. ಅಲ್ಯೂಮಿನಿಯಂ ಹೆಡ್ ಹಿಗ್ಗಿ, ಅದರಲ್ಲಿ ಕೂರಿಸಿದ ವಾಲ್ವ್ ಸೀಟು ಸಡಿಲವಾದದ್ದು ಆ ಹೊತ್ತಿಗೆ ಯಾರ ಕಣ್ಣಿಗೂ ಬೀಳುವುದಿಲ್ಲ. ಎಷ್ಟೋ ದಿನ ಕಳೆದು ಹೆದ್ದಾರಿಯಲ್ಲಿ ಆ ಸೀಟು ಕಳಚಿ ಪಿಸ್ಟನ್ನಿನ ಮೇಲೆ ಬಿದ್ದಾಗ, ನೆಲದ ಮೇಲೆ ಓಡಿಸಿದ ಆ ನಿಮಿಷಗಳನ್ನು ಯಾರು ನೆನಪಿಸಿಕೊಳ್ಳುತ್ತಾರೆ? ಈ ಎಂಜಿನ್ನಿಗೆ ಸ್ವಲ್ಪ ಹೆಚ್ಚು ಶಾಖವೂ ಎಷ್ಟು ಕೆಡುಕು ಎಂಬುದು ಅದರ ಮೂರನೆಯ ಸಿಲಿಂಡರಿನ ಚರಿತ್ರೆಯಿಂದಲೇ ಗೊತ್ತಾಗುತ್ತದೆ. ಹಳೆಯ ಮಾದರಿಗಳಲ್ಲಿ ಆಯಿಲ್ ಕೂಲರ್ ಕವಚದ ಒಳಗೇ, ಮೂರನೆಯ ಸಿಲಿಂಡರಿಗೆ ಹೋಗುವ ಗಾಳಿಯ ದಾರಿಯಲ್ಲಿ ನಿಂತಿತ್ತು. ಅಷ್ಟಕ್ಕೇ ಆ ಸಿಲಿಂಡರಿನ ಎಕ್ಸಾಸ್ಟ್ ವಾಲ್ವ್ ಉಳಿದವಕ್ಕಿಂತ ಬೇಗ ಸುಟ್ಟುಹೋಗುತ್ತಿತ್ತು. ಅದೊಂದು ಸಿಲಿಂಡರಿಗೆ ಮಾತ್ರ ಕಿಡಿ ಕೊಂಚ ತಡವಾಗಿ ಬೀಳುವಂತೆ ಡಿಸ್ಟ್ರಿಬ್ಯೂಟರ್ ಮಾಡಿ ನೋಡಿದರು. ಕೊನೆಗೆ 1971ರ ಮಾದರಿಯಲ್ಲಿ ಕೂಲರನ್ನು ಹೊರಗಿನ ಪ್ರತ್ಯೇಕ ಗೂಡಿಗೆ ಸ್ಥಳಾಂತರಿಸಿದರು. ಒಂದು ಸಿಲಿಂಡರಿನ ಗಾಳಿ ತುಸು ಬೆಚ್ಚಗಾದದ್ದಕ್ಕೆ ಕಾರ್ಖಾನೆ ಇಷ್ಟು ತಲೆ ಕೆಡಿಸಿಕೊಂಡಿತು. ನಾಲ್ಕೂ ಸಿಲಿಂಡರಿನ ಗಾಳಿಯನ್ನು ಕಿತ್ತಿಟ್ಟು ಏನೂ ಆಗಲ್ಲ ಎನ್ನುವ ಅಧಿಕಾರವನ್ನು ಇವರಿಗೆ ಕೊಟ್ಟವರು ಯಾರು?

"ಒಂದೇ ನಿಮಿಷ" ಎಂಬ ಸಮಾಧಾನದಲ್ಲಿ ಇನ್ನೂ ದೊಡ್ಡ ಅನಾಹುತ ಅಡಗಿದೆ. ಹೊರಗಿಟ್ಟು ಓಡಿಸುವ ಎಂಜಿನ್ನುಗಳಲ್ಲಿ ಬಹಳಷ್ಟು ಆಗಷ್ಟೇ ಬಿಚ್ಚಿ, ಹೊಸ ಕ್ಯಾಮ್‌ಶಾಫ್ಟು ಟ್ಯಾಪೆಟ್ಟು ಹಾಕಿ ಕಟ್ಟಿದವು. ಬೀಟಲ್ಲಿನ ಟ್ಯಾಪೆಟ್ಟಿಗೆ ರೋಲರ್ ಇಲ್ಲ. ಅದರ ಮುಖ ನೇರವಾಗಿ ಕ್ಯಾಮಿನ ಉಬ್ಬಿಗೆ ಉಜ್ಜುತ್ತದೆ. ಹೊಸ ಉಬ್ಬೂ ಹೊಸ ಮುಖವೂ ಒಂದಕ್ಕೊಂದು ಹೊಂದಿಕೊಳ್ಳುವುದು ಮೊದಲ ಓಟದಲ್ಲೇ. ಕ್ಯಾಮು ಕ್ರ್ಯಾಂಕಿನ ಕೆಳಗಿದೆ. ಉಬ್ಬುಗಳಿಗೆ ಆಯಿಲ್ ಸಿಗುವುದು ಮುಖ್ಯವಾಗಿ ಕ್ರ್ಯಾಂಕು ತಿರುಗುವಾಗ ಎರಚಿದ್ದರಿಂದ. ಐಡ್ಲಿಂಗಿನಲ್ಲಿ ಆ ಎರಚಾಟ ಸಾಲದು. ಅದಕ್ಕೇ ಹೊಸ ಕ್ಯಾಮ್ ಹಾಕಿದ ಎಂಜಿನ್ನನ್ನು ಸ್ಟಾರ್ಟ್ ಆದ ಕೂಡಲೇ ಸುಮಾರು 2,000 ಆರ್‌ಪಿಎಮ್‌ಗೆ ಏರಿಸಿ, ಐಡ್ಲಿಂಗಿಗೆ ಇಳಿಸದೆ ಇಪ್ಪತ್ತು ನಿಮಿಷ ಓಡಿಸಬೇಕು ಎಂಬುದು ಎಂಜಿನ್ ಕಟ್ಟುವವರೆಲ್ಲ ಪಾಲಿಸುವ ನಿಯಮ. ಜಿಂಕ್ ಅಂಶ ಹೆಚ್ಚಿರುವ ಆಯಿಲ್ ಬಳಸುವುದೂ ಇದೇ ಕಾರಣಕ್ಕೆ.

ಈಗ ಲೆಕ್ಕ ನೋಡಿ. ಕವಚವಿಲ್ಲದೆ ಇಪ್ಪತ್ತು ನಿಮಿಷ ಓಡಿಸಿದರೆ ಹೆಡ್ಡು ಹೋಗುತ್ತದೆ. ಹೆಡ್ಡು ಉಳಿಸಲು ಒಂದು ನಿಮಿಷ ಐಡ್ಲಿಂಗ್ ಮಾಡಿ, ಆರಿಸಿ, ನೆರೆಮನೆಯವರು ಬಂದಾಗ ಇನ್ನೊಮ್ಮೆ ಸ್ಟಾರ್ಟ್ ಮಾಡಿ, ಮತ್ತೆ ಆರಿಸಿದರೆ ಕ್ಯಾಮು ಹೋಗುತ್ತದೆ. ಬೀಟಲ್ಲಿನ ಕ್ಯಾಮಿಗೆ ಇರುವುದು ನಾಲ್ಕೇ ಉಬ್ಬು. ಒಂದೊಂದು ಉಬ್ಬೂ ಎದುರುಬದುರಿನ ಎರಡು ಟ್ಯಾಪೆಟ್ಟುಗಳನ್ನು ನಡೆಸುತ್ತದೆ. ಒಂದು ಉಬ್ಬು ಸವೆದರೆ ಎರಡು ಸಿಲಿಂಡರಿನ ಕೆಲಸ ಕೆಟ್ಟಿತು. ಅದನ್ನು ಬದಲಿಸಲು ಕ್ರ್ಯಾಂಕ್‌ಕೇಸನ್ನೇ ಎರಡು ಹೋಳು ಮಾಡಬೇಕು, ಅಂದರೆ ಅಷ್ಟು ದಿನ ಕಟ್ಟಿದ್ದನ್ನೆಲ್ಲ ಮೊದಲಿನಿಂದ ಬಿಚ್ಚಬೇಕು. ಒಂದೇ ನಿಮಿಷ ಎಂಬ ಸಮಾಧಾನಕ್ಕೆ ತೆರುವ ಬೆಲೆ ಇದು. ಹಣ ಮಾಲೀಕನದು, ಶ್ರಮ ಮೆಕ್ಯಾನಿಕ್‌ನದು.

ಇನ್ನು ಆಯಿಲ್ ಪ್ರೆಶರ್. ಬೀಟಲ್ಲಿನ ಹೊಟ್ಟೆಯಲ್ಲಿ ಇರುವುದು ಎರಡೂವರೆ ಲೀಟರ್ ಆಯಿಲ್. ಅದರಲ್ಲಿ ಫಿಲ್ಟರೂ ಇಲ್ಲ, ಬರೀ ಜಾಲರಿ. ಆ ಎರಡೂವರೆ ಲೀಟರ್ ಬೇರಿಂಗುಗಳಿಗೆ ನಯ ಕೊಡುವುದರ ಜೊತೆಗೆ ಶಾಖವನ್ನೂ ಸಾಗಿಸಬೇಕು. ಕಾರಿನಲ್ಲಾದರೆ ಪ್ರೆಶರ್ ಬಿದ್ದ ಕ್ಷಣ ಡ್ಯಾಶ್‌ಬೋರ್ಡಿನ ದೀಪ ಹತ್ತುತ್ತದೆ. ನೆಲದ ಮೇಲಿನ ಎಂಜಿನ್ನಿಗೆ ದೀಪ ಎಳೆಯುವ ತಾಳ್ಮೆ ಎಷ್ಟು ಜನರಿಗಿದೆ? ಪ್ಲಗ್ಗುಗಳನ್ನು ಬಿಚ್ಚಿಟ್ಟು, ಪೆಟ್ರೋಲ್ ಇಲ್ಲದೆ, ಗೇಜಿನಲ್ಲಿ ಪ್ರೆಶರ್ ಕಾಣುವವರೆಗೆ ಸೆಲ್ಫಿನಿಂದ ತಿರುಗಿಸಿ, ಆಮೇಲೆ ಪ್ಲಗ್ ಹಾಕುವುದು ಕೆಲವೇ ನಿಮಿಷದ ಕೆಲಸ. ಅದನ್ನೂ ಮಾಡದೆ ಒಣ ಬೇರಿಂಗಿನ ಮೇಲೆ ಎಂಜಿನ್ ಗರ್ಜಿಸುವುದನ್ನು ಕೇಳಿ ಖುಷಿಪಡುವುದು ಯಾವ ಬಗೆಯ ಪರೀಕ್ಷೆ?

ಎಂಜಿನ್ ಹಾಳಾದರೆ ಮತ್ತೊಂದು ತರಬಹುದು. ಮುಂದಿನ ಆರೋಪ ಮನುಷ್ಯರಿಗೆ ಸಂಬಂಧಿಸಿದ್ದು, ಆದ್ದರಿಂದ ಹೆಚ್ಚು ಗಂಭೀರ.

ಪೆಟ್ರೋಲ್ ಇಡುವ ವ್ಯವಸ್ಥೆಯನ್ನು ಹತ್ತಿರದಿಂದ ನೋಡಿ. ತಂತಿಗೆ ನೇತುಹಾಕಿದ ಪ್ಲಾಸ್ಟಿಕ್ ಬಾಟಲಿ, ಅದರ ಮುಚ್ಚಳಕ್ಕೆ ತೂತು ಮಾಡಿ ತೂರಿಸಿದ ಸಲೈನ್ ಟ್ಯೂಬು. ಆಸ್ಪತ್ರೆಯ ಆ ಪಿವಿಸಿ ಟ್ಯೂಬು ಪೆಟ್ರೋಲಿಗೆಂದು ಮಾಡಿದ್ದಲ್ಲ. ಪೆಟ್ರೋಲ್ ಅದರ ಮೆದುತನವನ್ನು ಹೀರಿಬಿಡುತ್ತದೆ. ಟ್ಯೂಬು ಸೆಟೆದು, ಕಾರ್ಬ್ಯುರೇಟರಿನ ಮೂತಿಯ ಹಿಡಿತ ಸಡಿಲುತ್ತದೆ. ಕ್ಲಿಪ್ಪಂತೂ ಹಾಕಿರುವುದಿಲ್ಲ. ಬೀಟಲ್ಲಿನ ಸೋಲೆಕ್ಸ್ ಕಾರ್ಬ್ಯುರೇಟರಿಗೆ ಪೆಟ್ರೋಲ್ ಒಳಹೋಗುವ ಹಿತ್ತಾಳೆಯ ಮೂತಿಯೂ ತಿರುಪಿನಿಂದ ಕೂರಿಸಿದ್ದಲ್ಲ, ಬರೀ ಬಿಗಿಯಾಗಿ ಒತ್ತಿ ಕೂರಿಸಿದ್ದು. ವರ್ಷಗಳ ಶಾಖ, ಅದುರಾಟಕ್ಕೆ ಅದು ಸಡಿಲವಾಗಿ ಕಳಚಿ ಬಂದದ್ದರಿಂದಲೇ ಹಳೆಯ ಬೀಟಲ್ಲುಗಳಿಗೆ ಬೆಂಕಿ ಬಿದ್ದ ಉದಾಹರಣೆಗಳು ಧಾರಾಳ. ಈಗ ಬಂಕುಗಳಲ್ಲಿ ಸಿಗುವ ಶೇ 20 ಎಥನಾಲ್ ಬೆರೆತ ಪೆಟ್ರೋಲು ಹಳೆಯ ರಬ್ಬರ್ ಹೋಸುಗಳಿಗೆ ಇನ್ನಷ್ಟು ಬೇಗ ಮೃತ್ಯುವಾಗುತ್ತದೆ. ಹೀಗೆ ಸೋರಿದ ಪೆಟ್ರೋಲ್ ಬೀಳುವುದು ಎಲ್ಲಿ? ಕಾರ್ಬ್ಯುರೇಟರಿನ ಪಕ್ಕದಲ್ಲಿ, ತುಸು ಕೆಳಗೆ, ಕ್ಷಣಕ್ಷಣಕ್ಕೂ ಕಿಡಿ ಹಾರಿಸುವ ಡಿಸ್ಟ್ರಿಬ್ಯೂಟರ್ ಇದೆ. ಅದಕ್ಕೂ ಕೆಳಗೆ, ಸೈಲೆನ್ಸರ್ ಹಾಕದೆ ಬಾಯಿ ತೆರೆದುಕೊಂಡ ಎಕ್ಸಾಸ್ಟಿನಿಂದ ಬೆಂಕಿಯ ನಾಲಿಗೆ ಹೊರಚಾಚುತ್ತಿರುತ್ತದೆ.

ಪೆಟ್ರೋಲಿನ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಅದು ಮೇಲೇರಿ ಚದುರುವುದಿಲ್ಲ, ನೆಲ ಹಿಡಿದು ಹರಡುತ್ತದೆ. ಗಾಳಿಯಲ್ಲಿ ಅದರ ಪ್ರಮಾಣ ಶೇ 1.4 ತಲುಪಿದರೆ ಒಂದು ಕಿಡಿ ಸಾಕು. ಎಂಜಿನ್ ಇರುವುದೂ ನೆಲದ ಮೇಲೆ, ಬ್ಯಾಟರಿಯ ಟರ್ಮಿನಲ್‌ಗೆ ವೈರು ತಾಗಿಸಿ ಕಿಡಿ ಹಾರಿಸುವುದೂ ಅದೇ ನೆಲದ ಮೇಲೆ.

ಬೆಂಕಿ ಹೊತ್ತಿತು ಎಂದುಕೊಳ್ಳಿ. ಅಲ್ಲಿದ್ದವರು ಮೊದಲು ಮಾಡುವ ಕೆಲಸ ಬಕೆಟ್ ನೀರು ತರುವುದು. ಬೀಟಲ್ಲಿನ ಕ್ರ್ಯಾಂಕ್‌ಕೇಸ್ ಯಾವ ಲೋಹದ್ದು ಎಂಬುದು ಅವರಲ್ಲಿ ಎಷ್ಟು ಮಂದಿಗೆ ಗೊತ್ತು? ಅದು ಮೆಗ್ನೀಸಿಯಂ ಮಿಶ್ರಲೋಹ. ಎಂಜಿನ್, ಗೇರ್‌ಬಾಕ್ಸ್ ಸೇರಿ ಒಂದು ಬೀಟಲ್ಲಿನಲ್ಲಿ ಸುಮಾರು 20 ಕಿಲೋ ಮೆಗ್ನೀಸಿಯಂ ಇತ್ತು. ದಪ್ಪ ಎರಕ ಸುಲಭಕ್ಕೆ ಹೊತ್ತಿಕೊಳ್ಳುವುದಿಲ್ಲ ಎಂಬುದು ನಿಜ. ಆದರೆ ಅದರ ಮೇಲೆಯೇ ಪೆಟ್ರೋಲ್ ಉರಿಯುತ್ತಾ ನಿಂತರೆ ಹೊತ್ತಿಕೊಳ್ಳುತ್ತದೆ. ಹೊತ್ತಿದ ಮೆಗ್ನೀಸಿಯಂ ಮೇಲೆ ನೀರು ಹೊಯ್ದರೆ ಹೈಡ್ರೋಜನ್ ಹುಟ್ಟಿ ಉರಿ ಇಮ್ಮಡಿಯಾಗುತ್ತದೆ. ಕಾರ್ಬನ್ ಡೈಆಕ್ಸೈಡ್ ಬಿಟ್ಟರೂ ಆರದು, ಅದರಲ್ಲೂ ಈ ಲೋಹ ಉರಿಯಬಲ್ಲದು.

ಇದಕ್ಕೆ ಜಗತ್ತು ಬೆಲೆ ತೆತ್ತಾಗಿದೆ. 1955ರ ಜೂನ್ 11ರಂದು ಫ್ರಾನ್ಸಿನ ಲೆ ಮಾನ್ ರೇಸಿನಲ್ಲಿ ಮೆಗ್ನೀಸಿಯಂ ಮೈಯ ಮರ್ಸಿಡಿಸ್ ಕಾರು ಪ್ರೇಕ್ಷಕರತ್ತ ಹಾರಿ ಹೊತ್ತಿ ಉರಿಯಿತು. ಎಂಬತ್ತಕ್ಕೂ ಹೆಚ್ಚು ಜನ ಸತ್ತ ಆ ದಿನ ನೀರು ಹೊಯ್ದದ್ದರಿಂದ ಬೆಂಕಿ ಇನ್ನೂ ಜೋರಾಯಿತು, ಗಂಟೆಗಟ್ಟಲೆ ಆರಲಿಲ್ಲ. 1968ರ ಜುಲೈ 7ರಂದು ರೂಆನ್‌ನಲ್ಲಿ ನಡೆದ ಫ್ರೆಂಚ್ ಗ್ರ್ಯಾನ್ ಪ್ರೀಯಲ್ಲಿ ಹೋಂಡಾ ಆರ್‌ಎ302 ಕಾರು ಮೊದಲ ಕೆಲವೇ ಸುತ್ತುಗಳಲ್ಲಿ ಜಾರಿ, ಉರುಳಿ, ಉರಿದುಹೋಯಿತು. ಚಾಲಕ ಜೋ ಶ್ಲೆಸರ್ ಅದರೊಳಗೇ ಸತ್ತರು. ಆ ಕಾರಿನ ಎಂಜಿನ್ ಏರ್‌ಕೂಲ್ಡ್, ಮೈ ಮೆಗ್ನೀಸಿಯಂ. ಹೋಂಡಾದ ಮುಖ್ಯ ಚಾಲಕ ಜಾನ್ ಸರ್ಟೀಸ್ ಇದು ಸುರಕ್ಷಿತವಲ್ಲ ಎಂದು ಅದನ್ನು ಓಡಿಸಲು ಮೊದಲೇ ನಿರಾಕರಿಸಿದ್ದರು. ವಿಶ್ವ ಚಾಂಪಿಯನ್ ಆಗಿದ್ದ ಮನುಷ್ಯ ಬೇಡವೆನ್ನಲು ನಾಚಿಕೊಳ್ಳಲಿಲ್ಲ. ಶೆಡ್ಡಿನಲ್ಲಿ ಪೆಟ್ರೋಲ್ ಬಾಟಲಿ ಹಿಡಿದು ನಿಂತ ಹುಡುಗನಿಗೆ ಬೇಡವೆನ್ನುವ ಅವಕಾಶವನ್ನು ಯಾರು ಕೊಡುತ್ತಾರೆ?

ಎಂಜಿನ್ನಿನ ಒಂದು ತುದಿಯಲ್ಲಿ ಫ್ಲೈವೀಲ್ ಇದೆ. ಕಾರಿನಲ್ಲಿ ಅದು ಗೇರ್‌ಬಾಕ್ಸಿನ ಬಾಯಿಯೊಳಗೆ ಮುಚ್ಚಿರುತ್ತದೆ. ನೆಲದ ಮೇಲೆ ಬಟಾಬಯಲು. ಹನ್ನೆರಡು ವೋಲ್ಟಿನ ಮಾದರಿಯಲ್ಲಿ ಅದರ ಅಂಚಿಗೆ 130 ಹಲ್ಲು. ಎಂಜಿನ್ 3,000 ಆರ್‌ಪಿಎಮ್ ಮುಟ್ಟಿದಾಗ ಆ ಹಲ್ಲುಗಳು ಗಂಟೆಗೆ 150 ಕಿಲೋಮೀಟರ್ ವೇಗದ ಆಸುಪಾಸಿನಲ್ಲಿ ಸುತ್ತುತ್ತಿರುತ್ತವೆ. ಹೆಗಲ ಮೇಲಿನ ಟವೆಲು, ಲುಂಗಿಯ ಚುಂಗು, ಕುತ್ತಿಗೆಯಲ್ಲಿ ಜೋಲುವ ಐಡಿ ಕಾರ್ಡಿನ ದಾರ, ಯಾವುದು ಸಿಕ್ಕರೂ ಮನುಷ್ಯನನ್ನೂ ಜೊತೆಗೆ ಎಳೆದುಕೊಳ್ಳುತ್ತದೆ. ಮತ್ತೊಂದು ತುದಿಯಲ್ಲಿ ಫ್ಯಾನ್ ಬೆಲ್ಟು. ಆಕ್ಸಿಲರೇಟರ್ ಕೇಬಲ್ ಇಲ್ಲದ್ದರಿಂದ ಥ್ರಾಟಲ್ ಎತ್ತುವ ಬೆರಳು ಇರುವುದು ಆ ಬೆಲ್ಟಿನಿಂದ ಗೇಣಳತೆಯಲ್ಲಿ. ರೇಸ್ ಕೊಟ್ಟಾಗಲೆಲ್ಲ ಫ್ಲೈವೀಲ್ ಒಂದು ಕಡೆಗೆ ವೇಗ ಪಡೆದರೆ ಎಂಜಿನ್ನಿನ ಮೈ ಎದುರು ಕಡೆಗೆ ತಿರುಚಿಕೊಳ್ಳುತ್ತದೆ. ಕಾರಿನಲ್ಲಿ ಆ ತಿರುಚನ್ನು ತಡೆಯುವುದು ಗೇರ್‌ಬಾಕ್ಸ್ ಮತ್ತು ಅದರ ನಾಲ್ಕು ಬೋಲ್ಟು. ಟೈರಿನ ಮೇಲಿಟ್ಟ ಎಂಜಿನ್ನನ್ನು ಹಿಡಿಯುವುದು ಏನು? ಹೊರೆಯೇ ಇಲ್ಲದ ಎಂಜಿನ್ನಿನ ಥ್ರಾಟಲ್ ತೆರೆದಲ್ಲೇ ಸಿಕ್ಕಿಕೊಂಡರೆ ವೇಗ ಕ್ಷಣಾರ್ಧದಲ್ಲಿ ಕೈಮೀರುತ್ತದೆ. ಆಗ ಕುಣಿಯುವ ನೂರು ಕಿಲೋ ಲೋಹದ ಬಳಿಗೆ ಹೋಗಿ ಕಾಯಿಲ್ ವೈರು ಕೀಳುವವರು ಯಾರು?

ಕೊನೆಯದು ಹೊಗೆ. ಮಳೆಗಾಲದಲ್ಲಿ ಎರಚಲು ಹೊಡೆಯುತ್ತದೆಂದು ಶಟರ್ ಎಳೆದುಕೊಂಡು, ಅಕ್ಕಪಕ್ಕದವರು ಗದ್ದಲಕ್ಕೆ ಬೈಯುತ್ತಾರೆಂದು ಕಿಟಕಿಯನ್ನೂ ಮುಚ್ಚಿಕೊಂಡು ಓಡಿಸುತ್ತಾರೆ. ಚೋಕ್ ಎಳೆದ ಹಳೆಯ ಕಾರ್ಬ್ಯುರೇಟರ್ ಎಂಜಿನ್ನಿನ ಹೊಗೆಯಲ್ಲಿ ಶೇ 5ರಷ್ಟು ಕಾರ್ಬನ್ ಮೊನಾಕ್ಸೈಡ್ ಇರುವುದು ಅಪರೂಪವಲ್ಲ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೊಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅದನ್ನು ಹಿಡಿದುಕೊಳ್ಳುತ್ತದೆ. ಗಾಳಿಯಲ್ಲಿ ಅದು ಕೇವಲ ಶೇ 0.16 ಇದ್ದರೂ ಇಪ್ಪತ್ತು ನಿಮಿಷದಲ್ಲಿ ತಲೆನೋವು, ತಲೆಸುತ್ತು, ವಾಕರಿಕೆ ಶುರುವಾಗಿ, ಒಂದು ಗಂಟೆಯೊಳಗೆ ಪ್ರಾಣ ಹೋಗಬಹುದು. ಒಂದು ಕಾರು ಹಿಡಿಸುವ ಮುಚ್ಚಿದ ಶೆಡ್ಡಿನಲ್ಲಿ 1,600 ಸಿಸಿಯ ಇಂಥ ಎಂಜಿನ್ ಐಡ್ಲಿಂಗಿನಲ್ಲೇ ಹತ್ತು ನಿಮಿಷದ ಆಸುಪಾಸಿನಲ್ಲಿ ಆ ಮಟ್ಟ ಮುಟ್ಟಿಸಬಲ್ಲದು. ಕ್ಯಾಮಿಗಾಗಿ 2,000 ಆರ್‌ಪಿಎಮ್‌ನಲ್ಲಿ ಓಡಿಸಿದರೆ ಇನ್ನೂ ಬೇಗ. ತಲೆನೋವು ಬಂದವರು ಪೆಟ್ರೋಲ್ ವಾಸನೆ ಆಗಲಿಲ್ಲ ಎಂದುಕೊಂಡು ಚಹಾ ತರಿಸುತ್ತಾರೆ, ಕೆಲಸ ಮುಂದುವರಿಸುತ್ತಾರೆ.

ಇಷ್ಟನ್ನೂ ಹೇಳಿದರೆ ಬರುವ ಉತ್ತರ ಎರಡು. "ವಿಮಾನಕ್ಕೆ ಇದೇ ಎಂಜಿನ್ನನ್ನು ಫ್ಯಾನ್ ಇಲ್ಲದೆ ಹಾಕುತ್ತಾರಲ್ಲ" ಎಂಬುದು ಮೊದಲನೆಯದು. ಹೌದು, 1950ರ ದಶಕದಿಂದಲೇ ಡ್ರೂಯಿನ್ ಟರ್ಬುಲೆಂಟ್‌ನಂಥ ಪುಟ್ಟ ವಿಮಾನಗಳು ಫೋಕ್ಸ್‌ವ್ಯಾಗನ್ ಎಂಜಿನ್ನಿನ ಬಲದಲ್ಲೇ ಹಾರಿವೆ. ಅವುಗಳ ಮೂಗಿಗೆ ಪ್ರೊಪೆಲರ್ ಇದೆ, ಹಾರಾಟದ ಗಾಳಿ ಇದೆ, ಆ ಗಾಳಿಯನ್ನು ಫಿನ್ನುಗಳೊಳಗೇ ತಿರುಗಿಸುವ ತಗಡಿನ ತಡೆಗಳಿವೆ. ಫ್ಯಾನ್ ತೆಗೆದವರು ಅದರ ಜಾಗಕ್ಕೆ ಬೇರೆ ವ್ಯವಸ್ಥೆ ತಂದರು. ನೆಲದ ಮೇಲೆ ಓಡಿಸುವವರು ತಂದದ್ದು ಏನು?

ಎರಡನೆಯ ಉತ್ತರ, "ನಲವತ್ತು ವರ್ಷದಿಂದ ಹೀಗೇ ಮಾಡುತ್ತಿದ್ದೇವೆ, ಏನೂ ಆಗಿಲ್ಲ." ಏನಾದರೂ ಆದವರು ಈ ಚರ್ಚೆಗೆ ಬಂದು ಕೂತಿಲ್ಲ. ಬೆರಳು ಹೋದವರು ಗ್ಯಾರೇಜು ಬಿಟ್ಟು ಬೇರೆ ಕೆಲಸ ನೋಡಿಕೊಂಡರು. ಸವೆದ ಕ್ಯಾಮಿನ ತಪ್ಪನ್ನು ಸ್ಪೇರ್ ಪಾರ್ಟಿನ ಗುಣಮಟ್ಟದ ಮೇಲೆ ಹಾಕಿದರು. ಬಿದ್ದ ವಾಲ್ವ್ ಸೀಟಿನ ತಪ್ಪನ್ನು ಹೆಡ್ ಕೆಲಸ ಮಾಡಿದ ಲೇತ್‌ನವರ ಮೇಲೆ ಹಾಕಿದರು. ಹೀಗೆ ಪ್ರತಿ ಬಾರಿಯೂ ಕಾರಣ ಬೇರೆಲ್ಲೋ ಸಿಗುತ್ತಾ ಹೋದರೆ ನಲವತ್ತೇಕೆ, ನಾನೂರು ವರ್ಷವಾದರೂ ಏನೂ ಆಗಿಲ್ಲ ಎಂದೇ ಅನಿಸುತ್ತದೆ.

ಹಾಗಾದರೆ ಬೀಟಲ್ ಎಂಜಿನ್ನನ್ನು ಕಾರಿನ ಹೊರಗೆ ಓಡಿಸಲೇಬಾರದೇ? ಈ ಪ್ರಶ್ನೆಗೆ ಉತ್ತರವನ್ನು ಫೋಕ್ಸ್‌ವ್ಯಾಗನ್ ಕಂಪನಿಯೇ ದಶಕಗಳ ಹಿಂದೆ ಕೊಟ್ಟಿದೆ. ಪಂಪು, ಜನರೇಟರು, ಕಂಪ್ರೆಸರ್ ನಡೆಸಲೆಂದು ಇದೇ ಎಂಜಿನ್ನನ್ನು ಅದು ಇಂಡಸ್ಟ್ರಿಯಲ್ ಎಂಜಿನ್ ಎಂದು ಪ್ರತ್ಯೇಕವಾಗಿ ಮಾರುತ್ತಿತ್ತು. ಅವು ಕಾರಿಲ್ಲದೆ ಗಂಟೆಗಟ್ಟಲೆ, ಪೂರ್ಣ ಹೊರೆಯಲ್ಲಿ ಓಡಿದವು. ಓಡಿದ್ದು ಹೇಗೆ? ಫ್ಯಾನ್, ಕವಚ, ಸಿಲಿಂಡರ್ ತಗಡುಗಳೊಂದಿಗೆ. ಫ್ಲೈವೀಲ್ ಹೌಸಿಂಗಿನೊಳಗೆ ಮುಚ್ಚಿತ್ತು, ಸೆಲ್ಫ್ ಮೋಟರಿಗೆ ಅದೇ ಹೌಸಿಂಗಿನಲ್ಲಿ ಗಟ್ಟಿ ಆಧಾರವಿತ್ತು, ಹೊರೆ ತಪ್ಪಿದರೂ ವೇಗ ಮಿತಿಮೀರದಂತೆ ಗವರ್ನರ್ ಇತ್ತು, ಇಡೀ ಎಂಜಿನ್ ಬೋಲ್ಟು ಹಾಕಿ ಬಿಗಿದ ಪೀಠದ ಮೇಲಿತ್ತು. ಎಂಜಿನ್ ಮಾಡಿದವರೇ ಇಷ್ಟು ಜೋಡಿಸದೆ ಅದನ್ನು ಹೊರಗೆ ಓಡಿಸಲಿಲ್ಲ.

ಮೊದಲಿಗೆ, ಹೊರಗೆ ಓಡಿಸುವ ಅಗತ್ಯವಾದರೂ ಎಷ್ಟು ಸಲ ಬರುತ್ತದೆ? ಎಂಜಿನ್ ಕೊಳ್ಳುವ ಮೊದಲು ಒಳಗೇನಿದೆ ಎಂದು ತಿಳಿಯಬೇಕಾದವರಿಗೆ ಒಂದು ಹನಿ ಪೆಟ್ರೋಲೂ ಬೇಡ. ಪ್ಲಗ್ಗಿನ ತೂತಿನಿಂದ ಕಂಪ್ರೆಸರ್ ಗಾಳಿ ಬಿಟ್ಟು ಎಲ್ಲಿ ಸೋರುತ್ತದೆ ಎಂದು ಕಿವಿಗೊಟ್ಟರೆ ವಾಲ್ವಿನದೋ ರಿಂಗಿನದೋ ಹೆಡ್ಡಿನದೋ ದೋಷ ತಾನೇ ಹೊರಬೀಳುತ್ತದೆ. ಕ್ರ್ಯಾಂಕನ್ನು ಹಿಂದೆಮುಂದೆ ಸರಿಸಿ ಡಯಲ್ ಗೇಜಿನಲ್ಲಿ ಎಂಡ್ ಪ್ಲೇ ಅಳೆದರೆ ಕೇಸಿನ ಸವೆತ ಗೊತ್ತಾಗುತ್ತದೆ. ಜಾಲರಿ ಬಿಚ್ಚಿದರೆ ಲೋಹದ ಪುಡಿ ಕಾಣುತ್ತದೆ. ಟೈರಿನ ಮೇಲೆ ಅರ್ಧ ನಿಮಿಷ ಗರ್ಜಿಸಿದ ಎಂಜಿನ್ ಇದರಲ್ಲಿ ಒಂದನ್ನೂ ಹೇಳುವುದಿಲ್ಲ. ತಣ್ಣಗಿನ ಗಟ್ಟಿ ಆಯಿಲಿನಲ್ಲಿ ಸವೆದ ಬೇರಿಂಗೂ ಸದ್ದು ಮಾಡದೆ ತಿರುಗುತ್ತದೆ. ಅದಕ್ಕೇ ಎಂಜಿನ್ನನ್ನು ಹೀಗೆ ಓಡಿಸಿ ತೋರಿಸುವ ವಿಡಿಯೊ ಮಾರುವವರಿಗೆ ಪ್ರಿಯ, ಕೊಳ್ಳುವವರಿಗೆ ಕುತ್ತು.

ಹೊಸದಾಗಿ ಕಟ್ಟಿದ ಎಂಜಿನ್ನನ್ನು ಕೂರಿಸುವ ಮುಂಚೆ ಆಯಿಲ್ ಸೋರಿಕೆ ನೋಡಬೇಕು, ಕ್ಯಾಮ್ ಹೊಂದಿಸಬೇಕು ಎನ್ನುವವರ ಅಗತ್ಯ ನಿಜವಾದದ್ದು. ಅಂಥವರು ಸ್ಟ್ಯಾಂಡ್ ಕಟ್ಟಲಿ. ಗುಜರಿಯಲ್ಲಿ ಸಿಗುವ ಕೆಟ್ಟ ಗೇರ್‌ಬಾಕ್ಸಿನ ಬಾಯಿಯನ್ನು ಕತ್ತರಿಸಿ, ದಪ್ಪ ಕಬ್ಬಿಣದ ಚೌಕಟ್ಟಿಗೆ ಬಿಗಿದರೆ ಎಂಜಿನ್ ಕೂರುವ ನಾಲ್ಕು ಬೋಲ್ಟಿನ ಜಾಗವೂ ಸೆಲ್ಫ್ ಮೋಟರಿನ ಆಧಾರವೂ ಫ್ಲೈವೀಲಿನ ಮುಚ್ಚಳವೂ ಒಟ್ಟಿಗೇ ಸಿಕ್ಕವು. ಚೌಕಟ್ಟು ಎಂಜಿನ್ನನ್ನು ಸೊಂಟದೆತ್ತರಕ್ಕೆ ಎತ್ತಿ ಹಿಡಿಯಬೇಕು, ಬಿಸಿಗಾಳಿ ಕೆಳಗೆ ಸರಾಗವಾಗಿ ಹೋಗಬೇಕು. ತಗಡುಗಳೆಲ್ಲ ಸ್ವಸ್ಥಾನದಲ್ಲಿರಬೇಕು. ಪೆಟ್ರೋಲ್ ಲೋಹದ ಡಬ್ಬಿಯಲ್ಲಿ, ಎಂಜಿನ್ನಿಗಿಂತ ಕೆಳಗೆ, ದೂರದಲ್ಲಿರಲಿ. ಎಂಜಿನ್ನಿನದೇ ಪಂಪು ಅದನ್ನು ಎಳೆದುಕೊಳ್ಳಲಿ, ಎಂಜಿನ್ ನಿಂತಾಗ ಪೆಟ್ರೋಲೂ ನಿಲ್ಲಲಿ. ಹೋಸು ಹೊಸದು, ಕ್ಲಿಪ್ ಬಿಗಿದದ್ದು. ಆಯಿಲ್ ಪ್ರೆಶರ್ ಗೇಜು, ಆಯಿಲ್ ಉಷ್ಣತೆಯ ಗೇಜು, ಕೈಗೆಟುಕುವ ಜಾಗದಲ್ಲಿ ಕಾಯಿಲ್ ಕಡಿತಗೊಳಿಸುವ ಸ್ವಿಚ್ಚು, ಕೇಬಲ್ಲಿನಿಂದ ಎಳೆಯುವ ಥ್ರಾಟಲ್. ಸೈಲೆನ್ಸರ್ ಹಾಕಿದ್ದು, ಓಡಿಸುವುದು ಬಯಲಲ್ಲಿ. ಪೆಟ್ರೋಲ್ ಬೆಂಕಿ ಕೇಸಿಗೆ ಹತ್ತುವ ಮೊದಲೇ ಆರಿಸಲು ಪುಡಿಯ ಎಕ್ಸ್‌ಟಿಂಗ್ವಿಶರ್ ಕೈಯಳತೆಯಲ್ಲಿ, ಲೋಹದ ಬೆಂಕಿಗೆಂದೇ ಬರುವ ಡಿ ದರ್ಜೆಯ ಪುಡಿ ಅದರ ಪಕ್ಕದಲ್ಲಿ. ನೀರಿನ ಬಕೆಟ್ ಆ ಸುತ್ತಿನಲ್ಲೇ ಇರಕೂಡದು.

ಇದು ಒಬ್ಬೊಬ್ಬರಿಗೆ ದುಬಾರಿ ಎನಿಸಬಹುದು. ಅದಕ್ಕೇ ವಿಂಟೇಜ್ ಕಾರುಗಳ ಸಂಘಗಳು ಮುಂದೆ ಬರಬೇಕು. ಬೆಂಗಳೂರು, ಮೈಸೂರುಗಳಲ್ಲಿ ಹಳೆಯ ಕಾರುಗಳ ಮೆರವಣಿಗೆಗೆ ಹಾರ, ಕಪ್ಪು, ಶಾಮಿಯಾನಕ್ಕೆ ಖರ್ಚು ಮಾಡುವ ಸಂಘಗಳಿಗೆ ಊರಿಗೊಂದು ಸ್ಟ್ಯಾಂಡ್ ಕಟ್ಟಿಸಿ ಸದಸ್ಯರಿಗೆ ಬಾಡಿಗೆಗೆ ಕೊಡುವುದು ಕಷ್ಟವೇ? ಬೀಟಲ್ ನಮ್ಮ ದೇಶದಲ್ಲಿ ಎಂದೂ ತಯಾರಾಗಲಿಲ್ಲ, ಇರುವ ಕೆಲವೇ ಕಾರುಗಳೂ ಆಮದಾಗಿ ಬಂದವು. ಒಂದು ಕೇಸ್ ಸುಟ್ಟರೆ ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳನ್ನೆಲ್ಲ ಅಲೆದರೂ ಇನ್ನೊಂದು ಸಿಗುವ ಭರವಸೆಯಿಲ್ಲ. ಐಟಿಐಗಳ ಮೋಟರ್ ಮೆಕ್ಯಾನಿಕ್ ವಿಭಾಗಗಳು ಇಂಥ ಸ್ಟ್ಯಾಂಡನ್ನು ವಿದ್ಯಾರ್ಥಿಗಳ ಕೈಯಲ್ಲೇ ಕಟ್ಟಿಸಬಹುದು. ಟೈರಿನ ಮೇಲೆ ಓಡಿಸಿ ತೋರಿಸು ಎನ್ನುವ ಗಿರಾಕಿಗೆ ಮೆಕ್ಯಾನಿಕ್‌ಗಳು ಆಗುವುದಿಲ್ಲ ಎಂದು ಮುಖಕ್ಕೆ ಹೇಳಬೇಕು. ಸ್ಟ್ಯಾಂಡಿನ ಬಾಡಿಗೆಯನ್ನೂ ಇಪ್ಪತ್ತು ನಿಮಿಷದ ಓಟದ ಕೂಲಿಯನ್ನೂ ಬಿಲ್ಲಿನಲ್ಲಿ ಬರೆದು ವಸೂಲು ಮಾಡಬೇಕು, ಮಾಲೀಕರು ಚೌಕಾಸಿ ಮಾಡದೆ ಅದನ್ನು ತೆರಬೇಕು. ಸಂಘಗಳ ಮುಂದಿನ ಸಭೆಯಲ್ಲೇ ಈ ತೀರ್ಮಾನ ಆಗಲಿ.